ಹನ್ನೊಂದು ವರ್ಷ ತಡವಾಗಿ ಶುರುವಾಗುವ ಕ್ರಾಂತಿ: ‘ಲಿಡಿಯಾ ಬೈಲಿ’ ಸಿನಿಮಾ ಮತ್ತು ಹೈಟಿ

1952ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ‘ಲಿಡಿಯಾ ಬೈಲಿ’ ಎಂಬ ಟೆಕ್ನಿಕಲರ್ ಸಿನಿಮಾ ತಂದಿತು. ನಿರ್ದೇಶಕ ಜೀನ್ ನೆಗುಲೆಸ್ಕೊ. ಕೆನೆತ್ ರಾಬರ್ಟ್ಸ್ 1947ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಕಥೆ ಸರಳ. ಅಮೆರಿಕದ ಬಾಲ್ಟಿಮೋರ್‌ನ ಯುವ ವಕೀಲ ಆಲ್ಬಿಯನ್ ಹ್ಯಾಮ್ಲಿನ್‌ಗೆ ಒಂದು ಆಸ್ತಿಯ ಕಾಗದಕ್ಕೆ ಲಿಡಿಯಾ ಎಂಬ ಯುವತಿಯ ಸಹಿ ಬೇಕು. ಅವಳು ಇರುವುದು ಹೈಟಿಯಲ್ಲಿ. ವರ್ಷ 1802. ಅಲ್ಲಿಗೆ ಹೋದ ವಕೀಲ ಯುದ್ಧದ ನಡುವೆ ಸಿಕ್ಕಿಬೀಳುತ್ತಾನೆ. ಕಿಂಗ್ ಡಿಕ್ ಎಂಬ ಆಜಾನುಬಾಹು ಅವನಿಗೆ ಜೊತೆಯಾಗುತ್ತಾನೆ. ಕಾಡು, ಕತ್ತಿ, ಕುದುರೆ, ಪ್ರೇಮ, ಬೆಂಕಿ, ಹಳೆಯ ಸಾಹಸ ಚಿತ್ರದಲ್ಲಿ ಏನೇನು ಇರಬೇಕೋ ಎಲ್ಲ ಇದೆ.

ಆದರೆ ನೋಡುತ್ತಾ ಹೋದ ಹಾಗೆ ಒಂದು ಗೊಂದಲ ಹುಟ್ಟುತ್ತದೆ. ಇಲ್ಲಿ ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೆ? ತೂಸಾಂ ಲುವರ್ತೂರ್ ಎಂಬ ಕಪ್ಪು ಜನರಲ್ ಇದ್ದಾನೆ. ಅವನ ಸೈನ್ಯದ ಸಮವಸ್ತ್ರ ಫ್ರೆಂಚರದ್ದು. ಅವನ ಮೇಲೆ ದಂಡೆತ್ತಿ ಬರುವವರೂ ಫ್ರೆಂಚರು. ಗುಲಾಮರ ದಂಗೆ ಅಂತ ಕೇಳಿದ್ದೆವಲ್ಲ, ಇಲ್ಲಿ ಗುಲಾಮರು ಎಲ್ಲಿ? ಸಿನಿಮಾ ಇದಕ್ಕೆ ಸರಿಯಾಗಿ ಉತ್ತರ ಕೊಡುವುದಿಲ್ಲ. ಯಾಕೆಂದರೆ ಕ್ರಾಂತಿ ಶುರುವಾಗಿದ್ದು 1791ರಲ್ಲಿ. ಸಿನಿಮಾ ಶುರುವಾಗುವುದು ಅದಾಗಿ ಹನ್ನೊಂದು ವರ್ಷದ ಮೇಲೆ. ಆ ಹನ್ನೊಂದು ವರ್ಷ ಗೊತ್ತಿದ್ದರೆ ಇದೇ ಸಿನಿಮಾ ಬೇರೆಯೇ ಆಗಿ ಕಾಣುತ್ತದೆ. ಆ ವರ್ಷಗಳನ್ನು ಬಿಟ್ಟಿದ್ದು ಯಾಕೆ ಅನ್ನುವುದೂ ತಿಳಿದರೆ, 1952ರ ಅಮೆರಿಕವೂ ಸ್ವಲ್ಪ ಅರ್ಥವಾಗುತ್ತದೆ.

ಮೊದಲು ಜಾಗ ನೋಡೋಣ. ಕ್ಯೂಬಾದ ಪಕ್ಕ ಹಿಸ್ಪಾನಿಯೋಲ ಎಂಬ ದ್ವೀಪವಿದೆ. ಅದರ ಪಶ್ಚಿಮ ಭಾಗವನ್ನು 1697ರಲ್ಲಿ ಸ್ಪೇನ್ ಫ್ರಾನ್ಸಿಗೆ ಬಿಟ್ಟುಕೊಟ್ಟಿತು. ಫ್ರೆಂಚರು ಅದನ್ನು ಸಾಂ-ದೊಮಾಂಗ್ ಎಂದು ಕರೆದರು. ಹೈಟಿ ಎಂಬ ಹೆಸರು ಅಧಿಕೃತವಾಗಿದ್ದು 1804ರಲ್ಲಿ. ಸಿನಿಮಾ ಮಾತ್ರ ಮೊದಲಿನಿಂದಲೂ ಹೈಟಿ ಅಂತಲೇ ಹೇಳುತ್ತದೆ. 1789ರ ಹೊತ್ತಿಗೆ ಈ ಪುಟ್ಟ ವಸಾಹತು ಯುರೋಪಿಗೆ ಬರುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇ. 40ರಷ್ಟನ್ನು ಕೊಡುತ್ತಿತ್ತು. ಜಗತ್ತಿನ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇಲ್ಲಿಂದಲೇ ಹೋಗುತ್ತಿತ್ತು. ದುಡಿಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. ಬಿಳಿಯರು 30,000ದ ಆಸುಪಾಸು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಮಿಶ್ರ ಸಂತತಿಯವರು ಮತ್ತು ಬಿಡುಗಡೆ ಪಡೆದ ಕಪ್ಪು ಜನ ಇದ್ದರು.

ಈ ಅಂಕಿಗಳ ಹಿಂದೆ ಏನಿತ್ತು ಅನ್ನುವುದಕ್ಕೆ ಒಂದು ಸಕ್ಕರೆ ತೋಟದ ಒಳಗೆ ಹೋಗಬೇಕು. ಕಡಿದ ಕಬ್ಬು ಜಾಸ್ತಿ ಹೊತ್ತು ತಡೆಯುವುದಿಲ್ಲ, ರಸ ಹುಳಿಯುತ್ತದೆ. ಇದನ್ನು ಮಂಡ್ಯ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಹಾಗಾಗಿ ಕಟಾವು ಶುರುವಾದರೆ ಗಾಣ ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಮೂರು ನಿಂತ ಉರುಳೆಗಳು, ಅವನ್ನು ತಿರುಗಿಸಲು ಪ್ರಾಣಿಗಳು ಅಥವಾ ನೀರಿನ ಚಕ್ರ. ಉರುಳೆಗಳ ಮಧ್ಯೆ ಕಬ್ಬು ತಳ್ಳುವ ಕೆಲಸ ಹೆಚ್ಚಾಗಿ ಹೆಂಗಸರದು. ರಾತ್ರಿ ಪಾಳಿಯಲ್ಲಿ ತೂಕಡಿಸಿದರೆ ಬೆರಳು ಸಿಕ್ಕಿಕೊಳ್ಳುತ್ತದೆ, ಬೆರಳಿನ ಹಿಂದೆ ಕೈ ಹೋಗುತ್ತದೆ. ಗಾಣವನ್ನು ತಟ್ಟನೆ ನಿಲ್ಲಿಸಲು ಆಗುವುದಿಲ್ಲ. ಅದಕ್ಕೇ ಕೆರಿಬಿಯನ್ ತೋಟಗಳಲ್ಲಿ ಗಾಣದ ಪಕ್ಕ ಒಂದು ಕೊಡಲಿ ಇಟ್ಟಿರುತ್ತಿದ್ದರು, ಮೈಯೇ ಒಳಗೆ ಹೋಗುವ ಮೊದಲು ಕೈ ಕಡಿಯಲು. ಪಕ್ಕದ ಕೋಣೆಯಲ್ಲಿ ಸಾಲು ಕೊಪ್ಪರಿಗೆಗಳಲ್ಲಿ ರಸ ಕುದಿಯುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಸೌಟಿನಲ್ಲಿ ತುಂಬಿ ಸುರಿಯಬೇಕು. ಚೆಲ್ಲಿದರೆ ಚರ್ಮ ಸುಲಿದು ಹೋಗುತ್ತದೆ.

ಮಕಾಂದಲ್ ಎಂಬ ಗುಲಾಮ ಇಂಥ ಗಾಣದಲ್ಲೇ ಕೈ ಕಳೆದುಕೊಂಡ ಎಂದು ಹೇಳುತ್ತಾರೆ. ಆಮೇಲೆ ಅವನು ತೋಟದಿಂದ ಓಡಿಹೋದ. ಮಾಲೀಕರಿಗೆ ವಿಷ ಹಾಕುವ ಜಾಲ ಕಟ್ಟಿದ ಎಂಬ ಆರೋಪದ ಮೇಲೆ ಅವನನ್ನು 1758ರಲ್ಲಿ ಕಾಪ್ ಪಟ್ಟಣದಲ್ಲಿ ಸುಟ್ಟರು. ಸಿನಿಮಾದ ಹ್ಯಾಮ್ಲಿನ್ ಹೋಗುವುದು ಇದೇ ಪಟ್ಟಣಕ್ಕೆ. ಈ ತೋಟಗಳಲ್ಲಿ ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. 1780ರ ದಶಕದ ಕೊನೆಗೆ ವರ್ಷಕ್ಕೆ 30,000 ಜನರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತರಲಾಗುತ್ತಿತ್ತು. ಗುಲಾಮರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ಸ್ವತಂತ್ರರಾಗಿ ಬದುಕಿದ್ದು ಅವರಿಗೆ ನೆನಪಿತ್ತು. ಕೆಲವರಿಗೆ ಯುದ್ಧ ಮಾಡಿ ಅಭ್ಯಾಸವೂ ಇತ್ತು.

ಸಿನಿಮಾದಲ್ಲಿ ಇದ್ಯಾವುದೂ ಇಲ್ಲ. ಗಾಣ ಇಲ್ಲ, ಕೊಪ್ಪರಿಗೆ ಇಲ್ಲ. ಲಿಡಿಯಾ ಇರುವುದು ದೋತ್ರಮೋಂ ಎಂಬ ಫ್ರೆಂಚ್ ಶ್ರೀಮಂತನ ಮನೆಯಲ್ಲಿ. ತೋಟ ಎಂದರೆ ಕಂಬಗಳಿರುವ ದೊಡ್ಡ ಮನೆ, ಒಳ್ಳೆ ಬಟ್ಟೆ, ಮೇಣದಬತ್ತಿಯ ಬೆಳಕು. ಆ ಮನೆಗೆ ಕಪ್ಪು ಜನ ನುಗ್ಗಿದಾಗ ನೋಡುವವರಿಗೆ ಭಯವಾಗುತ್ತದೆ. ಮನೆ ಕಟ್ಟಿದ ಹಣ ಎಲ್ಲಿಂದ ಬಂತು ಎಂದು ತೋರಿಸಿದ್ದರೆ ಆ ಭಯದ ಜೊತೆ ಬೇರೆ ಯೋಚನೆಗಳೂ ಬರುತ್ತಿದ್ದವು.

ಇನ್ನು ಕ್ರಾಂತಿ. 1789ರಲ್ಲಿ ಪ್ಯಾರಿಸ್‌ನಲ್ಲಿ ಮನುಷ್ಯರೆಲ್ಲ ಸಮಾನರು ಎಂಬ ಘೋಷಣೆ ಹೊರಟಿತು. ವಸಾಹತಿನಲ್ಲಿ ಅದನ್ನು ಒಬ್ಬೊಬ್ಬರು ಒಂದೊಂದು ಥರ ಕೇಳಿಸಿಕೊಂಡರು. ಬಿಳಿ ತೋಟದ ಮಾಲೀಕರು ತಮಗೆ ಪ್ಯಾರಿಸ್‌ನ ಹಿಡಿತ ಬೇಡ, ವ್ಯಾಪಾರದ ಸ್ವಾತಂತ್ರ್ಯ ಬೇಕು ಎಂದರು. ಮಿಶ್ರ ಸಂತತಿಯ ಶ್ರೀಮಂತರು ಬಿಳಿಯರ ಸಮಾನ ಹಕ್ಕು ಕೇಳಿದರು. ಅವರಲ್ಲಿ ಎಷ್ಟೋ ಜನ ಸ್ವತಃ ಗುಲಾಮರ ಮಾಲೀಕರು. ಅವರ ಪೈಕಿ ವಿನ್ಸೆಂಟ್ ಓಜೆ ಎಂಬಾತ 1790ರಲ್ಲಿ ಬಂಡೆದ್ದ. 1791ರ ಫೆಬ್ರವರಿಯಲ್ಲಿ ಅವನನ್ನು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಮೇಲಿನವರು ತಮ್ಮ ತಮ್ಮಲ್ಲೇ ಹೀಗೆ ಕಾದಾಡುತ್ತಿದ್ದುದನ್ನು ಊಟ ಬಡಿಸುವವರು, ಗಾಡಿ ಹೊಡೆಯುವವರು ನೋಡುತ್ತಲೇ ಇದ್ದರು.

1791ರ ಆಗಸ್ಟ್‌ನಲ್ಲಿ ಉತ್ತರ ಬಯಲಿನ ತೋಟಗಳ ಪ್ರತಿನಿಧಿಗಳು ರಾತ್ರಿ ಗುಟ್ಟಾಗಿ ಸೇರಿದರು. ಬೂಕ್ಮನ್ ಎಂಬ ಗುಲಾಮ ಅವರ ಮುಂದಾಳು. ಬ್ವಾ ಕೈಮಾನ್ ಎಂಬ ಜಾಗದಲ್ಲಿ ಆಫ್ರಿಕಾ ಮೂಲದ ವೂಡೂ ಪಂಥದ ಪೂಜೆಯಾಯಿತು, ಪ್ರಮಾಣ ಮಾಡಿದರು ಎಂಬುದು ಹೈಟಿಯಲ್ಲಿ ಇವತ್ತಿಗೂ ಎಲ್ಲರಿಗೂ ಗೊತ್ತಿರುವ ಕಥೆ. ಅದರ ಕೆಲವು ವಿವರಗಳು ಎಷ್ಟೋ ವರ್ಷದ ನಂತರ ಬರೆದಿಟ್ಟವು. ಆದರೆ ಆಗಸ್ಟ್ 22ರ ರಾತ್ರಿ ಏನಾಯಿತು ಎಂಬುದರಲ್ಲಿ ಅನುಮಾನ ಇಲ್ಲ. ಒಂದರ ಹಿಂದೆ ಒಂದು ತೋಟಕ್ಕೆ ಬೆಂಕಿ ಬಿತ್ತು. ಕೆಲವೇ ವಾರಗಳಲ್ಲಿ ನೂರಾರು ತೋಟ ಬೂದಿಯಾದವು. ಗಾಣಗಳನ್ನು ಹುಡುಕಿ ಹುಡುಕಿ ಒಡೆದರು.

ಮುಂದಿನ ಎರಡು ವರ್ಷ ಎಲ್ಲ ಕಲಸಿಹೋಯಿತು. ಸ್ಪೇನ್ ಮತ್ತು ಬ್ರಿಟನ್ ಫ್ರಾನ್ಸ್ ಮೇಲೆ ಯುದ್ಧಕ್ಕೆ ಬಂದವು. ವಸಾಹತು ಕೈಬಿಡುವ ಹಂತದಲ್ಲಿತ್ತು. ಪ್ಯಾರಿಸ್‌ನಿಂದ ಬಂದಿದ್ದ ಅಧಿಕಾರಿ ಸೊಂತೊನಾಕ್ಸ್‌ಗೆ ಸೈನಿಕರು ಬೇಕಿತ್ತು. ಹೋರಾಡುವ ಶಕ್ತಿ ಇದ್ದವರು ಬಂಡೆದ್ದ ಗುಲಾಮರೇ. 1793ರ ಆಗಸ್ಟ್ 29ರಂದು ಅವನು ಉತ್ತರ ಪ್ರಾಂತ್ಯದಲ್ಲಿ ಗುಲಾಮಗಿರಿ ರದ್ದು ಎಂದು ಸಾರಿದ. 1794ರ ಫೆಬ್ರವರಿ 4ರಂದು ಪ್ಯಾರಿಸ್‌ನ ಸಂಸತ್ತು ಅದನ್ನು ಎಲ್ಲ ವಸಾಹತುಗಳಿಗೂ ವಿಸ್ತರಿಸಿತು. ಇದು ಮೇಲಿಂದ ಬಂದ ಉಡುಗೊರೆ ಅಂತ ಅಂದುಕೊಳ್ಳಬಾರದು. ಜನ ಈಗಾಗಲೇ ಗೆದ್ದುಕೊಂಡಿದ್ದನ್ನು ಫ್ರಾನ್ಸ್ ಕಾಗದದ ಮೇಲೆ ಒಪ್ಪಿಕೊಂಡಿತು, ಅಷ್ಟೆ.

ತೂಸಾಂ ಮೇಲೆ ಬರುವುದು ಈ ಹೊತ್ತಿನಲ್ಲಿ. ಬ್ರೆಡಾ ತೋಟದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು, ಸಾರೋಟು ಹೊಡೆಯುತ್ತಿದ್ದವನು. ಕ್ರಾಂತಿಗೆ ಎಷ್ಟೋ ವರ್ಷ ಮೊದಲೇ ಅವನಿಗೆ ಬಿಡುಗಡೆ ಸಿಕ್ಕಿತ್ತು. ಓದು ಬರಹ ಬರುತ್ತಿತ್ತು. ಒಂದು ಕಾಲಕ್ಕೆ ಗುಲಾಮರಿದ್ದ ಕಾಫಿ ತೋಟವನ್ನು ಗುತ್ತಿಗೆಗೆ ಹಿಡಿದಿದ್ದ ದಾಖಲೆಯೂ ಇದೆ. ಮೊದಲು ಸ್ಪೇನಿನ ಪರ ಹೋರಾಡಿದ. ಗುಲಾಮಗಿರಿ ರದ್ದು ಮಾಡಿದ ಫ್ರಾನ್ಸ್ ಕಡೆಗೆ 1794ರಲ್ಲಿ ಬಂದ. ಸ್ಪೇನನ್ನು ಹಿಂದಕ್ಕೆ ಅಟ್ಟಿದ. 1798ರಲ್ಲಿ ಬ್ರಿಟಿಷರು ಜಾಗ ಖಾಲಿ ಮಾಡಿದರು. 1801ರಲ್ಲಿ ದ್ವೀಪದ ಪೂರ್ವ ಭಾಗವನ್ನೂ ಹಿಡಿದ. ಅದೇ ವರ್ಷ ಒಂದು ಸಂವಿಧಾನ ಹೊರಡಿಸಿದ. ಇಲ್ಲಿ ಗುಲಾಮಗಿರಿ ಶಾಶ್ವತವಾಗಿ ರದ್ದು, ಹುಟ್ಟಿದವರೆಲ್ಲ ಸ್ವತಂತ್ರರಾಗಿ, ಫ್ರೆಂಚರಾಗಿ ಹುಟ್ಟಿ ಬಾಳಿ ಸಾಯುತ್ತಾರೆ ಎಂದು ಅದರಲ್ಲಿದೆ. ತೂಸಾಂ ಸಾಯುವವರೆಗೆ ಗವರ್ನರ್ ಎಂದೂ ಅದರಲ್ಲಿದೆ.

ಈಗ ಸಿನಿಮಾದ ಗೊಂದಲ ಬಿಡಿಸಬಹುದು. 1802ರಲ್ಲಿ ಸಾಂ-ದೊಮಾಂಗ್‌ನಲ್ಲಿ ಕಾನೂನಿನ ಪ್ರಕಾರ ಗುಲಾಮರೇ ಇಲ್ಲ. ಅಲ್ಲಿರುವವರು ಫ್ರೆಂಚ್ ಪ್ರಜೆಗಳು. ತೂಸಾಂ ಫ್ರೆಂಚ್ ಗಣರಾಜ್ಯದ ಜನರಲ್, ಅವನ ಸೈನ್ಯ ಫ್ರೆಂಚ್ ಸೈನ್ಯ. ಅವನ ಮೇಲೆ ಬಂದವರು ಅದೇ ಬಾವುಟ ಹಿಡಿದ ಇನ್ನೊಂದು ಫ್ರೆಂಚ್ ಸೈನ್ಯ. ಕ್ರಾಂತಿಯ ಮಾತನ್ನು ಉಳಿಸಿಕೊಂಡವರು ಯಾರು, ಮುರಿದವರು ಯಾರು ಎಂಬುದೇ ಆ ಯುದ್ಧದ ಪ್ರಶ್ನೆ. ಕ್ರೆತ್-ಆ-ಪಿಯೆರೊ ಕೋಟೆಯ ಮುತ್ತಿಗೆಯಲ್ಲಿ ಇದು ಎದ್ದು ಕಾಣುತ್ತದೆ. 1802ರ ಮಾರ್ಚ್. ಒಳಗೆ ತೂಸಾಂನ ಜನರಲ್ ಡೆಸಲಿನ್ ಕಡೆಯ ಕಪ್ಪು ಸೈನಿಕರು, ಹೊರಗೆ ಆಗ ಫ್ರಾನ್ಸ್ ಆಳುತ್ತಿದ್ದ ನೆಪೋಲಿಯನ್ ಕಳಿಸಿದವರು. ಕೋಟೆಯ ಒಳಗಿಂದ ಫ್ರೆಂಚ್ ಕ್ರಾಂತಿಯ ಹಾಡುಗಳು ಕೇಳಿಬರುತ್ತವೆ. ಹೊರಗಿನ ಸೈನಿಕರು ತಮ್ಮ ಅಧಿಕಾರಿಗಳ ಮುಖ ನೋಡುತ್ತಾರೆ. ನ್ಯಾಯ ಅವರ ಕಡೆ ಇದೆಯಾ, ನಾವೀಗ ಗಣರಾಜ್ಯದ ಸೈನಿಕರಲ್ಲವಾ ಎಂದು ಕೇಳುವ ಹಾಗೆ. ಇದನ್ನು ಬರೆದಿಟ್ಟವನು ಆ ಮುತ್ತಿಗೆಯಲ್ಲಿದ್ದ ಫ್ರೆಂಚ್ ಜನರಲ್ ಪಾಂಫಿಲ್ ದ ಲಾಕ್ರ್ವಾ. ಇಡೀ ಯುದ್ಧವನ್ನು ಅರ್ಥ ಮಾಡಿಸಲು ನನಗೆ ಇದಕ್ಕಿಂತ ಒಳ್ಳೆ ದೃಶ್ಯ ಗೊತ್ತಿಲ್ಲ.

ನೆಪೋಲಿಯನ್ ಹೆಸರು ನಮ್ಮ ಕಡೆಯ ಇತಿಹಾಸದಲ್ಲೂ ಬರುತ್ತದಲ್ಲ, ಅದನ್ನು ಇಲ್ಲಿ ಹೇಳಲೇಬೇಕು. 1799ರ ಜನವರಿಯಲ್ಲಿ ಈಜಿಪ್ಟಿನಿಂದ ಅವನು ಟಿಪ್ಪು ಸುಲ್ತಾನನಿಗೆ ಕಾಗದ ಬರೆದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಅದಕ್ಕೂ ಒಂದು ವರ್ಷ ಮೊದಲು, 1798ರ ಏಪ್ರಿಲ್‌ನಲ್ಲಿ, ಮಾರಿಷಸ್‌ನಿಂದ ಹೊರಟ ನೂರರಷ್ಟು ಫ್ರೆಂಚ್ ಸ್ವಯಂಸೇವಕರು ಟಿಪ್ಪುವಿನ ಸಹಾಯಕ್ಕೆ ಅಂತ ಮಂಗಳೂರಿನಲ್ಲಿ ಇಳಿದಿದ್ದರು. ಅವರು ಬಂದ ಆ ಮಾರಿಷಸ್ ಆಗ ಫ್ರೆಂಚ್ ವಸಾಹತು. ಗುಲಾಮಗಿರಿ ರದ್ದತಿಯ ಆದೇಶ ಹಿಡಿದು ಪ್ಯಾರಿಸ್‌ನಿಂದ ಬಂದ ಅಧಿಕಾರಿಗಳನ್ನು ಅಲ್ಲಿನ ಮಾಲೀಕರು 1796ರಲ್ಲಿ ಹಡಗು ಹತ್ತಿಸಿ ವಾಪಸ್ ಕಳಿಸಿದ್ದರು. ಒಂದೇ ಗಣರಾಜ್ಯದ ಒಂದು ದ್ವೀಪದಲ್ಲಿ ಗುಲಾಮರು ತಾವೇ ಸ್ವತಂತ್ರರಾಗಿದ್ದರೆ, ಇನ್ನೊಂದು ದ್ವೀಪ ಅದನ್ನು ಒಪ್ಪಲೇ ಇಲ್ಲ. ಟಿಪ್ಪುವಿಗೆ ನೆರವಿನ ಮಾತು ಕೊಟ್ಟ ನೆಪೋಲಿಯನ್ನೇ ಸುಮಾರು ಮೂರು ವರ್ಷದ ಮೇಲೆ ಸಾಂ-ದೊಮಾಂಗ್‌ಗೆ ದೊಡ್ಡ ನೌಕಾಪಡೆ ಕಳಿಸಿದ. ಅದರ ಮುಖ್ಯಸ್ಥ ಅವನ ತಂಗಿ ಪೌಲಿನ್‌ಳ ಗಂಡ ಲೆಕ್ಲೆರ್. ಮೊದಲ ಕಂತಿನಲ್ಲೇ ಸುಮಾರು 20,000 ಸೈನಿಕರು.

ಸಿನಿಮಾ ಈ ಜಾಗದಲ್ಲಿ ಕಥೆ ಎತ್ತಿಕೊಳ್ಳುತ್ತದೆ. ಯಾಕೆ ಇಲ್ಲಿಂದ? 1791ರಿಂದ ಯಾಕಲ್ಲ?

1952ರ ಅಮೆರಿಕ ನೆನಪಿಸಿಕೊಳ್ಳಿ. ದಕ್ಷಿಣದ ರಾಜ್ಯಗಳಲ್ಲಿ ಶಾಲೆ, ಬಸ್ಸು, ಚಿತ್ರಮಂದಿರ ಎಲ್ಲದರಲ್ಲೂ ಕಪ್ಪು ಜನರಿಗೆ ಬೇರೆ ಜಾಗ. ಶಾಲೆಗಳಲ್ಲಿ ಈ ಭೇದ ಕೂಡದು ಎಂಬ ಸುಪ್ರೀಂ ಕೋರ್ಟ್ ತೀರ್ಪು ಬರಲು ಇನ್ನೂ ಎರಡು ವರ್ಷ ಇತ್ತು. ಹಾಲಿವುಡ್ ತಾನೇ ಹಾಕಿಕೊಂಡ ಸೆನ್ಸಾರ್ ನಿಯಮದಲ್ಲಿ ಕಪ್ಪು ಬಿಳಿ ಜನರ ನಡುವಿನ ದೈಹಿಕ ಸಂಬಂಧ ತೋರಿಸಬಾರದು ಎಂದಿತ್ತು. ಅದು 1956ರವರೆಗೂ ನಿಯಮದಲ್ಲೇ ಉಳಿದಿತ್ತು. ಜೊತೆಗೆ ಊರೂರಿನ ಸೆನ್ಸಾರ್ ಮಂಡಳಿಗಳು. ಮೆಂಫಿಸ್ ನಗರದ ಮಂಡಳಿಯ ಅಧ್ಯಕ್ಷ ಲಾಯ್ಡ್ ಬಿನ್‌ಫೋರ್ಡ್ 1947ರಲ್ಲಿ ಒಂದು ಮಕ್ಕಳ ಸಿನಿಮಾವನ್ನೇ ನಿಷೇಧಿಸಿದ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಒಂದೇ ಶಾಲೆಯಲ್ಲಿ ಇದ್ದರು ಎಂಬುದು ಕಾರಣ. ಇಂಥ ಕಡೆ ಕಪ್ಪು ಗುಲಾಮರು ಬಿಳಿ ಮಾಲೀಕರ ಮೇಲೆ ಎದ್ದು ಗೆಲ್ಲುವ ಚಿತ್ರ ತೋರಿಸಬೇಕೆಂದರೆ ಹೇಗೆ?

1802 ಆದರೆ ದಾರಿ ಸಿಗುತ್ತದೆ. ಖಳನಾಯಕ ಈಗ ತೋಟದ ಮಾಲೀಕ ಅಲ್ಲ, ನೆಪೋಲಿಯನ್. ಅವನು ಸರ್ವಾಧಿಕಾರಿ, ಹೊರಗಿನವನು, ದಂಡೆತ್ತಿ ಬಂದವನು. ಹಿಟ್ಲರ್ ಸತ್ತು ಏಳು ವರ್ಷವಾಗಿತ್ತು. ಸಣ್ಣ ದೇಶದ ಮೇಲೆ ದೊಡ್ಡ ಸರ್ವಾಧಿಕಾರಿ ಬರುತ್ತಾನೆ ಎಂದರೆ ಅಮೆರಿಕದ ಪ್ರೇಕ್ಷಕರಿಗೆ ತಕ್ಷಣ ಅರ್ಥವಾಗುತ್ತಿತ್ತು. ಅವರು ತಮ್ಮ 1776ರ ಸ್ವಾತಂತ್ರ್ಯ ಹೋರಾಟವನ್ನೂ ಅದರಲ್ಲಿ ಕಾಣಬಹುದಿತ್ತು. ಕಪ್ಪು ಜನ ಇಲ್ಲಿ ಇರುವ ಸ್ವಾತಂತ್ರ್ಯವನ್ನು ಕಾಯುತ್ತಿದ್ದಾರೆ. ಅದನ್ನು ಯಾರಿಂದ ಕಿತ್ತುಕೊಂಡರು ಎಂದು ಕೇಳುವ ಸಂದರ್ಭವೇ ಬರುವುದಿಲ್ಲ. ಕ್ರಾಂತಿಯನ್ನು ಹೀಗೆ ದೇಶರಕ್ಷಣೆಯ ಕಥೆಯಾಗಿ ತಿರುಗಿಸಿದ್ದರಿಂದಲೇ ಈ ಸಿನಿಮಾ ಬರಲು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ. ಚಿತ್ರಕಥೆ ಬರೆದವರಲ್ಲಿ ಒಬ್ಬರಾದ ಫಿಲಿಪ್ ಡನ್, ಹಾಲಿವುಡ್‌ನಲ್ಲಿ ಕಮ್ಯುನಿಸ್ಟರ ಬೇಟೆ ನಡೆದಾಗ ಅದರ ವಿರುದ್ಧ 1947ರಲ್ಲಿ ಸಮಿತಿ ಕಟ್ಟಿದವರು. ಇನ್ನೊಬ್ಬರು ಮೈಕಲ್ ಬ್ಲಾಂಕ್‌ಫೋರ್ಟ್. ಕಮ್ಯುನಿಸ್ಟರೆಂದು ಕೆಲಸ ನಿರಾಕರಿಸುತ್ತಿದ್ದವರ ಕಪ್ಪುಪಟ್ಟಿಗೆ ಸೇರಿದ್ದ ಗೆಳೆಯ ಆಲ್ಬರ್ಟ್ ಮಾಲ್ಟ್ಸ್ ಬರೆದ ಚಿತ್ರಕಥೆಗೆ ತನ್ನ ಹೆಸರು ಕೊಟ್ಟು ಸಹಾಯ ಮಾಡಿದ್ದವರು. ಇಬ್ಬರಿಗೂ ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

ಆ ಮಿತಿಯೊಳಗೇ ಅವರು ದೊಡ್ಡದೊಂದು ಸಾಧಿಸಿದರು. ಅದು ಕಿಂಗ್ ಡಿಕ್ ಪಾತ್ರ. ಮಾಡಿದವರು ವಿಲಿಯಂ ಮಾರ್ಷಲ್. ಇಂಡಿಯಾನಾದ ಗ್ಯಾರಿ ಊರಿನಲ್ಲಿ 1924ರಲ್ಲಿ ಹುಟ್ಟಿದವರು. ಆರಡಿ ಐದಂಗುಲ ಎತ್ತರ, ಶೇಕ್ಸ್‌ಪಿಯರ್ ನಾಟಕಗಳಿಗೆ ಹೇಳಿಮಾಡಿಸಿದ ಕಂಠ. ಇದು ಅವರ ಮೊದಲ ಸಿನಿಮಾ. ಆ ಕಾಲದಲ್ಲಿ ಕಪ್ಪು ನಟರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಆಳು, ಅಡುಗೆಯವಳು, ನಗಿಸುವವನ ಪಾತ್ರ. ಲೀನಾ ಹಾರ್ನ್ ಅವರಂಥ ದೊಡ್ಡ ಗಾಯಕಿಯ ದೃಶ್ಯಗಳನ್ನೂ ಸ್ಟುಡಿಯೊಗಳು ಕಥೆಯಿಂದ ಹೊರಗೆ, ಬಿಡಿಯಾಗಿ ತೆಗೆಯುತ್ತಿದ್ದವು. ದಕ್ಷಿಣದಲ್ಲಿ ಬೇಕೆಂದರೆ ಕತ್ತರಿಸಿ ಹಾಕಬಹುದು ಅಂತ. ಕಿಂಗ್ ಡಿಕ್‌ನನ್ನು ಹಾಗೆ ಕತ್ತರಿಸಲು ಆಗುವುದಿಲ್ಲ. ಅವನಿಲ್ಲದೆ ಕಥೆ ಮುಂದೆ ಹೋಗುವುದೇ ಇಲ್ಲ. ವಕೀಲನಿಗೆ ದಾರಿ ತೋರಿಸುವವನು, ಭಾಷೆ ಕಲಿಸುವವನು, ಜೀವ ಉಳಿಸುವವನು, ರಾಜಕೀಯ ವಿವರಿಸುವವನು ಎಲ್ಲ ಅವನೇ. ನಾಯಕ ಡೇಲ್ ರಾಬರ್ಟ್‌ಸನ್ ಪಕ್ಕದಲ್ಲಿ ಮಾರ್ಷಲ್ ನಿಂತಾಗ ಕಣ್ಣು ಯಾರ ಕಡೆ ಹೋಗುತ್ತದೆ ಗಮನಿಸಿ. ಮುಂದೆ ಅವರು ರಂಗಭೂಮಿಯಲ್ಲಿ ಒಥೆಲೊ ಆಗಿ ಹೆಸರು ಮಾಡಿದರು. 1972ರಲ್ಲಿ ರಕ್ತಪಿಶಾಚಿಯ ಪಾತ್ರವೊಂದು ಬಂದಾಗಲೂ, ಆ ಪಾತ್ರ ಮೊದಲು ಗುಲಾಮರ ವ್ಯಾಪಾರ ನಿಲ್ಲಿಸಲು ಯುರೋಪಿಗೆ ಹೋದ ಆಫ್ರಿಕಾದ ರಾಜಕುಮಾರ ಆಗಿರಬೇಕು ಎಂದು ಹಟ ಹಿಡಿದು ಬರೆಸಿದರು.

ತೂಸಾಂ ಪಾತ್ರವನ್ನು ಕೆನ್ ರೆನಾರ್ಡ್ ಗಂಭೀರವಾಗಿ ಮಾಡಿದ್ದಾರೆ. ಕಪ್ಪು ಮನುಷ್ಯನೊಬ್ಬ ರಾಜ್ಯ ನಡೆಸುವವನಾಗಿ, ಯೋಚಿಸುವವನಾಗಿ ತೆರೆಯ ಮೇಲೆ ಕೂತು ಮಾತಾಡುವುದು ಆಗ ಅಪರೂಪ. ಆದರೆ ಅವನಿಗೆ ಎದುರಾಗಿ ಮಿರಬೋ ಎಂಬ ಕ್ರೂರ ಬಂಡುಕೋರನೊಬ್ಬನನ್ನು ಇಟ್ಟಿದ್ದಾರೆ. ಬಿಳಿಯರ ಮೇಲೆ ದ್ವೇಷ ಕಾರುವುದೆಲ್ಲ ಇವನ ಪಾಲು, ಕ್ಷಮೆ ವಿವೇಕ ಎಲ್ಲ ತೂಸಾಂ ಪಾಲು. ಒಳ್ಳೆಯ ಬಂಡುಕೋರ, ಕೆಟ್ಟ ಬಂಡುಕೋರ ಎಂಬ ಈ ಭಾಗ ಮಾಡುವಿಕೆ ಹಳೆಯ ಸಾಹಸ ಚಿತ್ರಗಳಲ್ಲಿ ಪದೇ ಪದೇ ಸಿಗುತ್ತದೆ. ನಿಜದಲ್ಲಿ ಕಥೆ ಇಷ್ಟು ಸಲೀಸಾಗಿಲ್ಲ. ತೂಸಾಂ ಸಕ್ಕರೆ ಕಾಫಿ ರಫ್ತು ನಿಲ್ಲಬಾರದೆಂದು ಜನರನ್ನು ಮತ್ತೆ ಅದೇ ತೋಟಗಳಲ್ಲಿ ದುಡಿಯುವಂತೆ ಕಟ್ಟಿಹಾಕಿದ. ಚಾಟಿ ಇಲ್ಲ, ಫಸಲಿನಲ್ಲಿ ಪಾಲು ಉಂಟು, ಆದರೆ ಬಿಟ್ಟು ಹೋಗುವಂತಿಲ್ಲ. ಓಡಿಹೋದ ಬಿಳಿ ಮಾಲೀಕರನ್ನೂ ವಾಪಸ್ ಕರೆದ. ಜನರಿಗೆ ಬೇಕಿದ್ದುದು ತಮ್ಮದೇ ಒಂದು ತುಂಡು ನೆಲ. 1801ರಲ್ಲಿ ಉತ್ತರದಲ್ಲಿ ದಂಗೆಯಾಯಿತು. ತನ್ನ ಅಣ್ಣನ ಮಗನಂತಿದ್ದ ಜನರಲ್ ಮೊಯೀಸ್ ಅದರ ಹಿಂದೆ ಇದ್ದಾನೆಂದು ತೂಸಾಂ ಅವನಿಗೆ ಗುಂಡು ಹೊಡೆಸಿದ. ಲೆಕ್ಲೆರ್ ಬಂದಾಗ ಎಷ್ಟೋ ಜನ ತೂಸಾಂ ಹಿಂದೆ ನಿಲ್ಲದಿರಲು ಇದೂ ಒಂದು ಕಾರಣ. ಸಿನಿಮಾದ ಸಂತನಂಥ ತೂಸಾಂನನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ.

ಎರಡು ದೃಶ್ಯಗಳ ಬಗ್ಗೆ ಮೊದಲೇ ಹೇಳಿಬಿಡಬೇಕು. ಒಂದು, ಹ್ಯಾಮ್ಲಿನ್ ಮೈಗೆ ಕಪ್ಪು ಬಳಿದುಕೊಂಡು ಕಪ್ಪು ಮನುಷ್ಯನ ವೇಷದಲ್ಲಿ ಓಡಾಡುವುದು. ಕಥೆಯಲ್ಲಿ ಅದು ಜೀವ ಉಳಿಸಿಕೊಳ್ಳುವ ಉಪಾಯ. ಆದರೆ ಅಮೆರಿಕದಲ್ಲಿ ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಆಡಿಕೊಂಡು ನಗಿಸುವ ರಂಗ ಪರಂಪರೆ ನೂರು ವರ್ಷಕ್ಕೂ ಹಳೆಯದು. ಆ ನೋವು ಗೊತ್ತಿರುವವರಿಗೆ ಈ ಭಾಗ ನೋಡಲು ಕಷ್ಟ. ಇನ್ನೊಂದು, ವೂಡೂ ಕುಣಿತ. ನೃತ್ಯ ಸಂಯೋಜನೆ ಜ್ಯಾಕ್ ಕೋಲ್ ಅವರದು, ಕುಣಿದವರಲ್ಲಿ ಕಾರ್ಮೆನ್ ದ ಲಾವಲಾಡ್ ಅವರಂಥ ದೊಡ್ಡ ಕಲಾವಿದೆಯೂ ಇದ್ದಾರೆ. ಕುಣಿತ ಅದ್ಭುತವಾಗಿದೆ. ಆದರೆ ವೂಡೂವನ್ನು ಡೋಲು, ಬೆಂಕಿ, ಮೈಮರೆವು ಇಷ್ಟಕ್ಕೇ ಇಳಿಸಲಾಗಿದೆ. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿತ್ತು. ವೂಡೂ ಬಗ್ಗೆ ಮೈ ನಡುಗಿಸುವ ಕಥೆಗಳು ಅಮೆರಿಕಕ್ಕೆ ತುಂಬಿಕೊಂಡು ಬಂದದ್ದು ಆಗಲೇ. ನಡೆದಾಡುವ ಹೆಣಗಳ ಸಿನಿಮಾ ಶುರುವಾಗಿದ್ದೂ ಆಗಲೇ, 1932ರಲ್ಲಿ, ಹೈಟಿಯ ಹೆಸರಿನಲ್ಲೇ. ಬೇರೆ ಬೇರೆ ನಾಡಿನಿಂದ ಬಂದು, ಭಾಷೆ ಬೇರೆಯಾಗಿ, ಒಟ್ಟು ಸೇರಲು ಅನುಮತಿ ಇಲ್ಲದ ಜನರನ್ನು ಆ ಪೂಜೆಯೇ ಒಂದು ಕಡೆ ಸೇರಿಸುತ್ತಿತ್ತು. 1791ರ ಸುದ್ದಿ ತೋಟದಿಂದ ತೋಟಕ್ಕೆ ಹರಿದಿದ್ದರಲ್ಲಿ ಅದರ ಪಾಲು ದೊಡ್ಡದು.

ಕಾಪ್ ಪಟ್ಟಣ ಹೊತ್ತಿ ಉರಿದಿದ್ದು ಮಾತ್ರ ಕಟ್ಟುಕಥೆಯಲ್ಲ. 1802ರ ಫೆಬ್ರವರಿ ಮೊದಲ ವಾರ ಲೆಕ್ಲೆರ್‌ನ ಹಡಗುಗಳು ಬಂದರಿನ ಮುಂದೆ ನಿಂತವು. ಪಟ್ಟಣ ಕಾಯುತ್ತಿದ್ದ ಜನರಲ್ ಕ್ರಿಸ್ತೋಫ್ ಒಪ್ಪಿಸಲಿಲ್ಲ. ಪಟ್ಟಣಕ್ಕೆ ಬೆಂಕಿ ಇಡಿಸಿದ. ಮೊದಲು ಉರಿಸಿದ್ದು ತನ್ನದೇ ಮನೆ. ಲೆಕ್ಲೆರ್‌ಗೆ ಸಿಕ್ಕಿದ್ದು ಬೂದಿ. ಇದೇ ಪಟ್ಟಣ 1793ರಲ್ಲೂ ಒಮ್ಮೆ ಸುಟ್ಟಿತ್ತು. ಆಗ ಓಡಿಹೋದವರ 53 ಹಡಗುಗಳು ಜುಲೈನಲ್ಲಿ ಹೋಗಿ ಸೇರಿದ್ದು ಬಾಲ್ಟಿಮೋರ್‌ಗೆ. ಹತ್ತಿರ ಹತ್ತಿರ 1500 ಜನ. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ಮತ್ತು ಮಿಶ್ರ ಸಂತತಿಯವರು, ಎಷ್ಟೋ ಜನ ಮಾಲೀಕರ ಜೊತೆ ಬಂದ ಗುಲಾಮರು. ಹಾಗಾಗಿ ಬಾಲ್ಟಿಮೋರ್‌ನ ವಕೀಲನೊಬ್ಬ ಏನೂ ಗೊತ್ತಿಲ್ಲದೆ ಹೈಟಿಗೆ ಹೋದ ಎಂಬುದನ್ನು ನಂಬುವುದು ಕಷ್ಟ. ಅವನ ಊರಿನ ಬೀದಿಯಲ್ಲೇ ಒಂಬತ್ತು ವರ್ಷದಿಂದ ಆ ಕ್ರಾಂತಿಯ ಸುದ್ದಿ ಓಡಾಡುತ್ತಿತ್ತು.

ಜೋಡಿಯ ಕಥೆ ಮುಗಿದ ಕಡೆ ಸಿನಿಮಾ ಮುಗಿಯುತ್ತದೆ. ಕ್ರಾಂತಿಗೆ ಇನ್ನೂ ಸುಮಾರು ಎರಡು ವರ್ಷದ ಆಯುಸ್ಸು ಇತ್ತು, ಅದೂ ಅತ್ಯಂತ ಭೀಕರವಾದ ಎರಡು ವರ್ಷ. ತೂಸಾಂ 1802ರ ಮೇ ತಿಂಗಳಲ್ಲಿ ರಾಜಿಯಾದ. ಜೂನ್ 7ರಂದು ಮಾತುಕತೆಗೆ ಕರೆದು ಅವನನ್ನು ಹಿಡಿದರು. ಫ್ರಾನ್ಸಿಗೆ ಸಾಗಿಸಿ ಜೂರಾ ಬೆಟ್ಟಗಳ ಫೋರ್ ದ ಜೂ ಕೋಟೆಯಲ್ಲಿ ಇಟ್ಟರು. ಚಳಿ, ಕಾಯಿಲೆ, ಒಂಟಿತನ. 1803ರ ಏಪ್ರಿಲ್ 7ರಂದು ತೀರಿಕೊಂಡ. ಹಡಗು ಹತ್ತುವಾಗ ಅವನು, ನೀವು ಕಡಿದಿರುವುದು ಸ್ವಾತಂತ್ರ್ಯದ ಮರದ ಕಾಂಡವನ್ನಷ್ಟೇ, ಬೇರುಗಳು ಬಹಳ ಇವೆ, ಆಳಕ್ಕೆ ಇಳಿದಿವೆ, ಮತ್ತೆ ಚಿಗುರುತ್ತದೆ ಎಂದನಂತೆ.

ಡೆಸಲಿನ್, ಕ್ರಿಸ್ತೋಫ್ ಇಬ್ಬರೂ ಆಗ ಫ್ರೆಂಚರ ಜೊತೆ ಸೇರಿದ್ದರು. ಆದರೆ ಸಾಮಾನ್ಯ ಜನ ಆಯುಧ ಒಪ್ಪಿಸಲಿಲ್ಲ. ಅಷ್ಟರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಗುಲಾಮಗಿರಿ ವಾಪಸ್ ತಂದ ಸುದ್ದಿ ಬಂತು. ಮುಂದೆ ತಮ್ಮ ಸರದಿ ಅಂತ ಎಲ್ಲರಿಗೂ ಗೊತ್ತಾಯಿತು. ಇನ್ನೊಂದು ಕಡೆ ಹಳದಿ ಜ್ವರ ಫ್ರೆಂಚ್ ಸೈನ್ಯವನ್ನು ತಿನ್ನತೊಡಗಿತ್ತು. 1802ರ ಅಕ್ಟೋಬರ್‌ನಲ್ಲಿ ಡೆಸಲಿನ್ ಮತ್ತು ಕ್ರಿಸ್ತೋಫ್ ತಿರುಗಿಬಿದ್ದರು. ಅದೇ ತಿಂಗಳು ಲೆಕ್ಲೆರ್ ನೆಪೋಲಿಯನ್‌ಗೆ ಬರೆದ ಕಾಗದ ಉಳಿದಿದೆ. ಬೆಟ್ಟದ ಕಪ್ಪು ಜನರನ್ನೆಲ್ಲ ಕೊಲ್ಲಬೇಕು, 12 ವರ್ಷದೊಳಗಿನ ಮಕ್ಕಳನ್ನು ಮಾತ್ರ ಬಿಡಬೇಕು ಎಂದು ಅದರಲ್ಲಿದೆ. ನವೆಂಬರ್ 2ರಂದು ಅವನೇ ಜ್ವರದಿಂದ ಸತ್ತ. ಅವನ ಜಾಗಕ್ಕೆ ಬಂದ ರೋಶಾಂಬೊ ಮನುಷ್ಯರ ಮೇಲೆ ಬಿಡಲು ಕ್ಯೂಬಾದಿಂದ ನಾಯಿಗಳನ್ನು ತರಿಸಿದ. 1803ರ ನವೆಂಬರ್ 18ರಂದು ವೆರ್ತಿಯೆರ್‌ನಲ್ಲಿ ಡೆಸಲಿನ್ ಸೈನ್ಯ ಗೆದ್ದಿತು. 1804ರ ಜನವರಿ 1ರಂದು ಗೊನಾಯಿವ್ ಊರಿನಲ್ಲಿ ಹೈಟಿ ಸ್ವತಂತ್ರ ಎಂದು ಸಾರಿದರು. ಅದರ ಹಿಂದೆಯೇ ಡೆಸಲಿನ್ ಆಜ್ಞೆಯ ಮೇಲೆ ಅಲ್ಲಿ ಉಳಿದಿದ್ದ ಫ್ರೆಂಚ್ ಬಿಳಿಯರಲ್ಲಿ ಹೆಚ್ಚಿನವರನ್ನು ಕೊಂದರು, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ. ಅದನ್ನು ಮರೆಮಾಚಿ ಈ ಕಥೆ ಹೇಳಬಾರದು. ಗಾಣ, ಕೊಡಲಿ, ನಾಯಿಗಳು, ಲೆಕ್ಲೆರ್‌ನ ಕಾಗದ ಇವನ್ನು ಬಿಟ್ಟು ಅದೊಂದನ್ನೇ ಹೇಳುವುದೂ ಸರಿಯಲ್ಲ. ಅಮೆರಿಕದ ಪತ್ರಿಕೆಗಳು, ರಾಜಕಾರಣಿಗಳು ಬಹಳ ಕಾಲ ಮಾಡಿದ್ದು ಇದನ್ನೇ.

ವಿಚಿತ್ರ ಅಂದರೆ ಅಮೆರಿಕಕ್ಕೆ ಈ ಕ್ರಾಂತಿಯಿಂದ ಆದ ಲಾಭ ಸಣ್ಣದಲ್ಲ. ಸಾಂ-ದೊಮಾಂಗ್ ಕೈಬಿಡುತ್ತಿದೆ ಎಂದು ಕಂಡ ಮೇಲೆ ನೆಪೋಲಿಯನ್‌ಗೆ ಉತ್ತರ ಅಮೆರಿಕದ ಲೂಸಿಯಾನ ಪ್ರದೇಶದ ಮೇಲಿನ ಆಸೆ ಹೋಯಿತು. 1803ರಲ್ಲಿ 1.5 ಕೋಟಿ ಡಾಲರಿಗೆ ಅದನ್ನು ಅಮೆರಿಕಕ್ಕೆ ಮಾರಿದ. ದೇಶದ ವಿಸ್ತೀರ್ಣ ಸುಮಾರು ಎರಡರಷ್ಟಾಯಿತು. ಆದರೆ ಅಮೆರಿಕ 1806ರಲ್ಲಿ ಹೈಟಿ ಜೊತೆ ವ್ಯಾಪಾರ ನಿಷೇಧಿಸಿತು. ಅದನ್ನು ದೇಶ ಎಂದು ಒಪ್ಪಿದ್ದು 1862ರಲ್ಲಿ, ಲಿಂಕನ್ ಕಾಲದಲ್ಲಿ. ಫ್ರಾನ್ಸ್ 1825ರಲ್ಲಿ ಒಪ್ಪಿತು, ಆದರೆ ಯುದ್ಧನೌಕೆಗಳನ್ನು ಮುಂದೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಪರಿಹಾರ ಕೇಳಿತು. ಮಾಲೀಕರು ಕಳೆದುಕೊಂಡ ಆಸ್ತಿಗೆ ಪರಿಹಾರ. ಆ ಆಸ್ತಿಯ ಲೆಕ್ಕದಲ್ಲಿ ಬಿಡುಗಡೆಯಾದ ಮನುಷ್ಯರೂ ಸೇರಿದ್ದರು. 1838ರಲ್ಲಿ ಮೊತ್ತ ಇಳಿಸಿದರೂ, ಅದನ್ನು ತೀರಿಸಲು ಮಾಡಿದ ಸಾಲಗಳು 20ನೇ ಶತಮಾನದವರೆಗೂ ಹೈಟಿಯನ್ನು ಹಿಂಡಿದವು.

ಇಷ್ಟು ದೊಡ್ಡ ಕಥೆ ಸಿನಿಮಾಗೆ ಸಿಕ್ಕಿದ್ದು ಬಹಳ ಕಡಿಮೆ. 1930ರ ದಶಕದಲ್ಲಿ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್, ಅಮೆರಿಕದ ಕಪ್ಪು ನಟ ಮತ್ತು ಗಾಯಕ ಪಾಲ್ ರೋಬ್ಸನ್ ಅವರನ್ನು ಇಟ್ಟುಕೊಂಡು ಹೈಟಿ ಕ್ರಾಂತಿಯ ಚಿತ್ರ ಮಾಡಬೇಕೆಂದಿದ್ದರು. ರೋಬ್ಸನ್ 1934ರ ಡಿಸೆಂಬರ್‌ನಲ್ಲಿ ಮಾಸ್ಕೊಗೆ ಹೋಗಿದ್ದರು. ಚಿತ್ರ ಆಗಲಿಲ್ಲ. ಫ್ರೆಂಚ್ ಟೀವಿಯಲ್ಲಿ 2012ರಲ್ಲಿ ತೂಸಾಂ ಬಗ್ಗೆ ಎರಡು ಭಾಗದ ಚಿತ್ರ ಬಂತು. ಹಾಲಿವುಡ್‌ನಲ್ಲಿ ನಟ ಡ್ಯಾನಿ ಗ್ಲೋವರ್ ವರ್ಷಗಟ್ಟಲೆ ಪ್ರಯತ್ನಪಟ್ಟರು. ಹಣ ಹಾಕುವವರು ಕಥೆ ಚೆನ್ನಾಗಿದೆ ಅನ್ನುತ್ತಾರೆ, ಆದರೆ ಇದರಲ್ಲಿ ಬಿಳಿ ನಾಯಕ ಎಲ್ಲಿ ಅಂತ ಕೇಳುತ್ತಾರೆ ಎಂದು 2008ರಲ್ಲಿ ಅವರು ಹೇಳಿದ್ದರು. ‘ಲಿಡಿಯಾ ಬೈಲಿ’ ಮಾಡಿದವರು ಆ ಪ್ರಶ್ನೆಗೆ 1952ರಲ್ಲೇ ಬಾಲ್ಟಿಮೋರ್‌ನ ವಕೀಲನನ್ನು ಉತ್ತರವಾಗಿ ಕೊಟ್ಟಿದ್ದರು. ಸಿನಿಮಾ ನೋಡುವವರು ಆ ವಕೀಲನ ಹಿಂದೆ ಹೋಗದೆ, ಕಿಂಗ್ ಡಿಕ್ ಮಾತಾಡುವಾಗಲೆಲ್ಲ ಸ್ವಲ್ಪ ನಿಲ್ಲಿಸಿ ನೋಡಿ. 1791ರಲ್ಲಿ ಈ ಮನುಷ್ಯ ಎಲ್ಲಿದ್ದ, ಯಾವ ತೋಟದಲ್ಲಿದ್ದ, ಆ ರಾತ್ರಿ ಏನು ಮಾಡಿದ ಎಂದು ಕೇಳಿಕೊಳ್ಳಿ. ಸಿನಿಮಾ ಹೇಳದೆ ಬಿಟ್ಟ ಹನ್ನೊಂದು ವರ್ಷ ಇರುವುದು ಅವನ ಕಡೆಯಲ್ಲಿ.